ಎರಡೂ ಬಾಜು ಒಂದೇ ಹೂವು

ನವಲಗುಂದದ ಬಜಾರಿನಲ್ಲಿ ಶಂಕ್ರಪ್ಪನ ಬಣ್ಣದ ನೂಲಿನ ಅಂಗಡಿಯ ಮುಂದೆ ಹಾಯ್ದವರು ಅವನಿಂದ ಒಂದು ಚೇಷ್ಟೆಯ ಮಾತು ಕೇಳದೆ ಮುಂದೆ ಹೋದದ್ದು ಕಡಿಮೆ. ಜಮಖಾನೆ ನೇಯುವ ಹೆಣ್ಣುಮಕ್ಕಳಿಗೆ ಕೆಂಪು, ಹಳದಿ, ಕರಿ ನೂಲಿನ ಲಡಿ ತೂಗಿ ಕೊಡುವಾಗಲೂ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಬೋಳುತಲೆಯ ಗಿರಾಕಿ ಬಂದರೆ ಬಾಚಣಿಗೆ ಬೇಕೇನು ಎನ್ನುವನು. ಬೀಗರು ಚೀಲ ಇಳಿಸುವ ಮೊದಲೇ ಮರಳಿ ಹೋಗುವ ಬಸ್ಸು ಎಷ್ಟಕ್ಕೆ ಎಂದು ಕೇಳುವನು. ಅದನ್ನೆಲ್ಲ ನಗದೆ, ಮುಖದ ಒಂದು ಗೆರೆಯೂ ಅಲುಗದಂತೆ ಹೇಳುವುದೇ ಅವನ ಹೆಚ್ಚುಗಾರಿಕೆ. ಕೇಳಿದವರು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ, ಹೇಳಿದವನಿಗೆ ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತೇ ಹೋಗುತ್ತಿತ್ತು. ಅಂಥ ಶಂಕ್ರಪ್ಪ ೧೯೮೭ರ ಮಾಗಿಯಲ್ಲಿ ಎರಡು ವಾರ ಒಂದೇ ಒಂದು ಚೇಷ್ಟೆ ಮಾಡಲಿಲ್ಲ. ಅವನ ಹೆಂಡತಿ ಸಾವಿತ್ರೆವ್ವ ಇನ್ನು ಹೆಚ್ಚು ದಿನ ಉಳಿಯುವುದಿಲ್ಲ ಎಂದು ಪುಣೆಯ ಡಾಕ್ಟರು ಹೇಳಿ ಕಳಿಸಿದ್ದರು.

ಆದದ್ದು ಹೀಗೆ. ಸಾವಿತ್ರೆವ್ವನ ತಮ್ಮ ಕುಬೇರಪ್ಪ ಪುಣೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅವನ ಮೊದಲ ಕೂಸಿನ ತೊಟ್ಟಿಲಿಗೆಂದು ಗಂಡಹೆಂಡತಿ ಇಬ್ಬರೂ ಹೋಗಿದ್ದರು. ಹೋಳಿಗೆ ತಟ್ಟುತ್ತ ಕೂತಿದ್ದ ಸಾವಿತ್ರೆವ್ವನ ಬಲಗೈ ಇದ್ದಕ್ಕಿದ್ದಂತೆ ಮುದುರಿಕೊಂಡಿತು. ಅದೇನು ಹೊಸದಲ್ಲ, ಆಗಾಗ ಆಗುತ್ತಿದ್ದದ್ದೇ. "ವಾಯು" ಎಂದು ಕೈ ಝಾಡಿಸಿದಳು. ಅಷ್ಟರಲ್ಲಿ ಕಣ್ಣುಗುಡ್ಡೆ ಮೇಲಾದವು, ಮೈಯೆಲ್ಲ ಗಡಗಡ ಅದುರಿತು, ಕೂತಲ್ಲಿಯೇ ಉರುಳಿದಳು. ಎಚ್ಚರಾದಾಗ ಬಲಗೈ ಬಲಗಾಲು ಎತ್ತಲು ಬರಲಿಲ್ಲ, ಮಾತು ತೊದಲುತ್ತಿತ್ತು. ಲಕ್ವಾ ಹೊಡೆಯಿತು ಎಂದು ನೆರೆದವರೆಲ್ಲ ಅಂದರು.

ಆ ಊರಿನ ಒಂದು ಖಾಸಗಿ ಆಸ್ಪತ್ರೆಗೆ ತಲೆಯ ಒಳಗನ್ನು ತೋರಿಸುವ ಸ್ಕ್ಯಾನ್ ಯಂತ್ರ ಹೊಸದಾಗಿ ಬಂದಿತ್ತು. ಸಾವಿತ್ರೆವ್ವನನ್ನು ಅದರ ಬಾಯೊಳಗೆ ಮಲಗಿಸಿದರು. ಹೊರಬಂದದ್ದು ಒಂದು ದೊಡ್ಡ ಕರಿ ಫಿಲ್ಮು. ಸವತಿಕಾಯಿಯನ್ನು ಅಡ್ಡಡ್ಡ ಕೊಯ್ದು ಸಾಲಾಗಿ ಇಟ್ಟ ಹಾಗೆ ಅದರಲ್ಲಿ ತಲೆಯ ಹನ್ನೆರಡು ಹೋಳುಗಳಿದ್ದವು, ನಡುವಿನ ಮೂರು ಹೋಳುಗಳಲ್ಲಿ ಬೆಳ್ಳನೆಯ ಮಚ್ಚೆಗಳಿದ್ದವು. ಹಿರಿಯ ಡಾಕ್ಟರು ರಜೆಯ ಮೇಲಿದ್ದರು. ಪಾಳಿಯಲ್ಲಿದ್ದ ಎಳೆಯ ಡಾಕ್ಟರು ಫಿಲ್ಮನ್ನು ದೀಪದ ಮುಂದೆ ಹಿಡಿದು ಮರಾಠಿಯಲ್ಲಿ ಏನೋ ಹೇಳಿದರು. ಕುಬೇರಪ್ಪ ಅದನ್ನು ಕನ್ನಡದಲ್ಲಿ ಹೇಳುವಾಗ ಅಳುತ್ತಿದ್ದ.

"ಅಕ್ಕನ ಮಿದುಳಿನ್ಯಾಗ ರಕ್ತ ಒಡದೈತಂತ ಮಾವಾ. ಒಂದ ಕಡಿ ಅಲ್ಲ, ಎರಡೂ ಕಡಿ. ಇನ್ನೊಮ್ಮಿ ಒಡದ್ರ ಉಳಿಯೂದಿಲ್ಲಂತ. ಅದು ನಾಳಿನೂ ಆಗಬಹುದಂತ, ತಿಂಗಳಿಗೂ ಆಗಬಹುದಂತ."

ಮರುದಿನ ಬೆಳಗಿಗೆ ಸಾವಿತ್ರೆವ್ವನ ಕೈಕಾಲು ಮೊದಲಿನ ಹಾಗೆಯೇ ಆಡಿದವು, ಮಾತೂ ತಿಳಿಯಾಯಿತು. ಶಂಕ್ರಪ್ಪ ಹಿಗ್ಗಿ ಅದನ್ನು ಹೇಳಲು ಹೋದರೆ ಡಾಕ್ಟರು ಫಿಲ್ಮಿನ ಕಡೆ ಬೆರಳು ಮಾಡಿ ತಲೆ ಅಲ್ಲಾಡಿಸಿದರು. ಎರಡೂ ಕಡೆ ಇಷ್ಟು ರಕ್ತ ಇರುವಾಗ ಕೈ ಆಡಿದ್ದನ್ನು ನಂಬಬೇಡಿ ಎಂದರು. ಅಂಗಾತ ಮಲಗಿರಬೇಕು, ಏಳಬಾರದು, ಜೋರಾಗಿ ಮಾತಾಡಬಾರದು, ಮನಸ್ಸಿಗೆ ಧಕ್ಕೆ ಆಗಬಾರದು. ನಾಲ್ಕು ದಿನ ಇಟ್ಟುಕೊಂಡು, ಮನೆಗೇ ಕರೆದುಕೊಂಡು ಹೋಗಿ ಎಂದರು. ರೈಲಿನಲ್ಲಿ ಮಲಗಿಸಿಕೊಂಡು ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಕಾರಿನಲ್ಲಿ ನವಲಗುಂದಕ್ಕೆ ಬಂದರು. ತಗ್ಗು ಬಂದಲ್ಲೆಲ್ಲ ಶಂಕ್ರಪ್ಪ ಹೆಂಡತಿಯ ತಲೆಯನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದ.

ಮನೆಯ ಪಡಸಾಲೆಯಲ್ಲಿ ಹಾಸಿಗೆ ಹಾಸಿದರು. ಶಂಕ್ರಪ್ಪನ ಅಕ್ಕ ಗುರವ್ವ ಅಣ್ಣಿಗೇರಿಯಿಂದ ಬಂದು ಅಡುಗೆಮನೆ ಹಿಡಿದಳು. ನೋಡಲು ಬರುವವರ ಸಾಲು ಹತ್ತಿತು. ಮಠದ ಅಯ್ಯನವರು ಬಂದು ವಿಭೂತಿ ಹಚ್ಚಿ, ಶಿವ ಕರುಣಿಸಲಿ ಎಂದು ಹೋದರು. ಸಾವಿತ್ರೆವ್ವ ಗಟ್ಟಿ ಹೆಂಗಸು. ಸಾಯುವುದೇ ಇದ್ದರೆ ವ್ಯವಸ್ಥಿತವಾಗಿ ಸಾಯಬೇಕೆಂದು ನಿರ್ಧರಿಸಿ, ಮಲಗಿದಲ್ಲಿಂದಲೇ ಟ್ರಂಕು ತೆಗೆಸಿ, ಇಳಕಲ್ ಸೀರೆಗಳನ್ನು ಹಂಚಲು ಶುರು ಮಾಡಿದಳು. ದಾಳಿಂಬರ ಬಣ್ಣದ್ದು ಗುರವ್ವನ ಪಾಲಿಗೆ ಬಂತು. ಗುರವ್ವ ಬ್ಯಾಡ ಬ್ಯಾಡ ಎಂದು ಅತ್ತು, ಕಣ್ಣು ಒರೆಸಿಕೊಂಡು, ಸೀರೆಯನ್ನು ಮಡಚಿ ತನ್ನ ಚೀಲದ ತಳದಲ್ಲಿ ಇಟ್ಟುಕೊಂಡಳು.

ಶಂಕ್ರಪ್ಪ ಅಂಗಡಿಯ ಬಾಗಿಲು ತೆರೆಯಲಿಲ್ಲ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ಹೆಂಡತಿಯ ಮುಂದೆ ಕೂತು ಏನು ಮಾತಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅವನಿಗೆ ಗೊತ್ತಿದ್ದ ಮಾತೆಲ್ಲ ನಗಚಾಟಿಕೆಯದು, ಈಗ ಅದನ್ನು ಆಡುವಂತಿಲ್ಲ. ಹೀಗಾಗಿ ಅವನು ಒಂದು ಕೆಲಸ ಹಚ್ಚಿಕೊಂಡ. ಫಿಲ್ಮನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಬಂದವರಿಗೆಲ್ಲ ವಿವರಿಸಿ ಹೇಳತೊಡಗಿದ. "ಇದು ಹಣಿ. ಇದು ಬುರುಡಿ. ಈ ಬೆಳ್ಳಂದು ಐತೆಲ್ಲ, ಇದ ರಕ್ತ." ಹಾಲಿನವನಿಗೆ ತೋರಿಸಿದ, ಕ್ಷೌರದವನಿಗೆ ತೋರಿಸಿದ, ಅಯ್ಯನವರಿಗೂ ತೋರಿಸಿದ. ತೋರಿಸದೆ ಬಿಟ್ಟದ್ದು ಒಬ್ಬರಿಗೇ, ಕೊಣ್ಣೂರ ಡಾಕ್ಟರಿಗೆ. ಅವರು ಬಜಾರಿನ ಹಿಂದಿನ ಓಣಿಯಲ್ಲಿ ಮೂವತ್ತು ವರ್ಷದಿಂದ ದವಾಖಾನೆ ನಡೆಸುತ್ತಿದ್ದವರು. ಮೊದಲ ದಿನವೇ ಬಂದು ನಾಡಿ ಹಿಡಿದು, ಪುಣೆಯ ಕಾಗದ ಓದಿ, ನಿಟ್ಟುಸಿರು ಬಿಟ್ಟು ಹೋಗಿದ್ದರು. ಕೆಮ್ಮು ನೆಗಡಿ ನೋಡುವ ಡಾಕ್ಟರಿಗೆ ಇದೇನು ತಿಳಿದೀತು ಎಂದು ಶಂಕ್ರಪ್ಪ ಫಿಲ್ಮನ್ನು ಲಕೋಟೆಯಿಂದ ತೆಗೆದೂ ಇರಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಮೈಮುನಬಿ ಬಂದಳು. ಜಮಖಾನೆ ನೇಯುವವಳು, ಶಂಕ್ರಪ್ಪನ ಅಂಗಡಿಯ ನೂಲಿನಲ್ಲಿಯೇ ಇಪ್ಪತ್ತು ವರ್ಷ ಮಗ್ಗ ನಡೆಸಿದವಳು. ನೂಲಿಗೆ ಬಂದಾಗಲೆಲ್ಲ ಒಳಗೆ ಹಾಯ್ದು ಸಾವಿತ್ರೆವ್ವನ ಜೊತೆ ಎಲೆಅಡಿಕೆ ಹಾಕಿಕೊಳ್ಳದೆ ಹೋದವಳಲ್ಲ. ಹಾಸಿಗೆಯ ಬದಿಗೆ ಕೂತು, ಗೆಳತಿಯ ಕಾಲು ಒತ್ತಿ, ಸ್ವಲ್ಪ ಅತ್ತು, ಎದ್ದಳು. ಶಂಕ್ರಪ್ಪ ಅವಳನ್ನೂ ಕಿಟಕಿಗೆ ಕರೆದ.

"ಇದು ಹಣಿ. ಇದು ಬುರುಡಿ. ಈ ಬೆಳ್ಳಂದು..."

ಮೈಮುನಬಿ ಅವನ ಮಾತು ಕೇಳುತ್ತಿರಲಿಲ್ಲ. ಒಂದು ಹೋಳಿನ ಎಡಗಡೆಯನ್ನು ಅಂಗೈಯಿಂದ ಮುಚ್ಚಿ ಬಲಗಡೆ ನೋಡಿದಳು. ಆಮೇಲೆ ಬಲಗಡೆ ಮುಚ್ಚಿ ಎಡಗಡೆ ನೋಡಿದಳು. ಕಿರುಬೆರಳಿನ ಉಗುರಿನಿಂದ ಮಚ್ಚೆಯ ಅಂಚನ್ನು ಮಗ್ಗದ ಎಳೆ ಎಣಿಸುವ ಹಾಗೆ ತುಸು ತುಸುವೇ ಸರಿಸುತ್ತ ಎಣಿಸಿದಳು.

"ಅಣ್ಣಾರ, ಇದು ಚೆಲ್ಲಿದ್ದಲ್ರಿ," ಅಂದಳು.

"ಏನು?"

"ರಕ್ತ ಅಂದ್ರ ಚೆಲ್ಲಬೇಕಲ್ರಿ? ಬಣ್ಣದ ಗಡಿಗಿ ಉರುಳಿದ್ರ ಅದು ಎತ್ತಾಗ ತಗ್ಗ ಐತಿ ಅತ್ತಾಗ ಹರೀತೈತಿ. ಎರಡೂ ಬಾಜು ಸಮಾ ಹರೀತದೇನ್ರಿ? ನಾವು ಜಮಖಾನಿದಾಗ ಆ ಬಾಜು ಒಂದು ಹೂವು, ಈ ಬಾಜು ಅಂಥಾದ ಹೂವು ತಗೀಬೇಕಾದ್ರ ಎಳಿ ಎಣಿಸಿ ಎಣಿಸಿ ಕಣ್ಣ ಹೋಗ್ತಾವು. ಇಲ್ಲಿ ನೋಡ್ರಿ, ಎರಡೂ ಬಾಜು ಒಂದ ಹೂವು. ಇದು ಒಂದ ದಿನದಾಗ ಆದದ್ದಲ್ಲ. ಯಾರೋ ಕುಂತು ಸಾವಕಾಶ ನೇಯ್ದಾರ."

ಶಂಕ್ರಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಪುಣೆದ ಡಾಕ್ಟರಗಿಂತ ನಿನಗ ಹೆಚ್ಚ ತಿಳೀತೇನು? ತಲಿ ಅಂದ್ರ ಜಮಖಾನಿ ಅಲ್ಲ ಮೈಮುನಬಿ. ಬಾಯಿಗಿ ಬಂದದ್ದ ಮಾತಾಡಬ್ಯಾಡ." ಜೋರಾಗಿ ಮಾತಾಡಬಾರದೆಂಬ ನೆನಪಾಗಿ ನಾಲಿಗೆ ಕಚ್ಚಿಕೊಂಡ. ಮೈಮುನಬಿ ಸೆರಗು ಸರಿಮಾಡಿಕೊಂಡು, "ತಪ್ಪಾತ್ರಿ ಅಣ್ಣಾರ," ಎಂದು ಹೊರಟು ಹೋದಳು.

ಅವಳೇನೋ ಹೋದಳು, ಮಾತು ಹೋಗಲಿಲ್ಲ. ಶಂಕ್ರಪ್ಪನೂ ಬಣ್ಣದ ನೂಲಿನವನೇ. ಬಣ್ಣ ಚೆಲ್ಲಿದ್ದನ್ನು ಎಷ್ಟು ಸಲ ನೋಡಿಲ್ಲ ಅವನು. ಒಂದು ತಾಸು ಅತ್ತಿಂದಿತ್ತ ತಿರುಗಾಡಿ ಕೊನೆಗೆ ನೂಲಿನ ಗಂಟಿಗೆ ಸುತ್ತಿ ಬರುವ ತೆಳುಕಾಗದದ ಒಂದು ಹಾಳೆ ತಂದ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಾಳೆಯನ್ನು ಅದರ ಮೇಲಿಟ್ಟು, ನೇಕಾರರಿಗೆ ನಮೂನೆ ಬರೆದುಕೊಡುವ ಹಾಗೆಯೇ ಒಂದು ಹೋಳನ್ನು ಪೆನ್ಸಿಲಿನಿಂದ ತಿದ್ದಿದ. ಬುರುಡೆಯ ಗೆರೆ, ನಡುಗೆರೆ, ಎರಡೂ ಕಡೆಯ ಮಚ್ಚೆ. ಆಮೇಲೆ ಹಾಳೆಯನ್ನು ನಡುಗೆರೆಗೆ ಸರಿಯಾಗಿ ಮಡಚಿ ಬಿಸಿಲಿಗೆ ಎತ್ತಿ ಹಿಡಿದ.

ಎಡಗಡೆಯ ಮಚ್ಚೆ ಬಲಗಡೆಯ ಮಚ್ಚೆಯ ಮೇಲೆ ಕೂತಿತ್ತು. ಅಂಚಿಗೆ ಒಂದಿಷ್ಟು ಹೆಚ್ಚುಕಡಿಮೆ, ಅಷ್ಟೇ. ಆಸೆ ಪಡುವುದಕ್ಕೂ ಶಂಕ್ರಪ್ಪನಿಗೆ ಹೆದರಿಕೆಯಾಯಿತು. ಫಿಲ್ಮನ್ನು ಲಕೋಟೆಗೆ ತುರುಕಿ, ಚಪ್ಪಲಿ ಮೆಟ್ಟುವುದನ್ನೂ ಮರೆತು ಕೊಣ್ಣೂರ ಡಾಕ್ಟರ ದವಾಖಾನೆಗೆ ಓಡಿದ.

ಡಾಕ್ಟರು ಫಿಲ್ಮನ್ನು ನೋಡಿದರು, ಮಡಚಿದ ಹಾಳೆಯನ್ನು ನೋಡಿದರು, ಕನ್ನಡಕ ತೆಗೆದು ಶಂಕ್ರಪ್ಪನ ಬರಿಗಾಲನ್ನೂ ನೋಡಿದರು.

"ಹಾಲಿನವಗ ತೋರ್ಸಿ. ಇಡೀ ಊರಿಗೇ ತೋರ್ಸಿ. ನನಗೊಬ್ಬಾವಗ ಯಾಕ ತೋರ್ಸಲಿಲ್ಲೋ ಶಂಕ್ರಪ್ಪಾ?"

"ತಪ್ಪಾತ್ರಿ."

"ತಪ್ಪ ನಂದೂ ಐತಿ. ಕಾಗದಾ ಓದಿ ಸುಮ್ಮನಾದ್ನಿ, ಪೋಟೋ ಕೇಳಲಿಲ್ಲ. ನಾ ಇಂಥಾ ಪೋಟೋ ಜಲ್ಮದಾಗ ಮೂರ ಸರ್ತಿ ನೋಡೇನಿ. ಓದಾಕ ಬರ್ತೈತಿ ಅಂತ ಸುಳ್ಳ ಹೇಳಂಗಿಲ್ಲ. ಆದ್ರ ರಕ್ತ ಹಿಂಗ ಮಡಚಿ ಕುಂಡ್ರಿಸಿದಾಂಗ ಎರಡೂ ಕಡಿ ಸಮಾ ಒಡೀತೈತಿ ಅಂದ್ರ ನನಗೂ ಖರೇ ಅನ್ನಸವಲ್ದು. ಮನಷ್ಯಾರ್ನ ನೋಡಾಕರ ಬರ್ತೈತಿ. ನಡಿ."

ಡಾಕ್ಟರು ಹಾಸಿಗೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಪುಣೆಯ ಕಾಗದವನ್ನು ಮರೆತುಬಿಟ್ಟವರಂತೆ ಮೊದಲಿಂದ ಕೇಳತೊಡಗಿದರು. ಉರುಳುವ ಮೊದಲು ಏನಾಯಿತು? ಕೈ ಮುದುರುವುದು ಯಾವಾಗಿಂದ? ಬೇರೆ ಏನಾಗುತ್ತದೆ?

"ಬೆರಳಾಗ, ತುಟಿ ಸುತ್ತೂಕಡಿ ಇರಿವಿ ಹರದಾಂಗ ಆಕ್ಕೈತ್ರಿ," ಎಂದಳು ಸಾವಿತ್ರೆವ್ವ.

"ಎಷ್ಟ ದಿನಾತು?"

"ದಿನಾ ಅಲ್ರಿ, ವರ್ಷ ಆದೂ. ವಾಯು ಅಂತ ಬಿಟ್ಟೇನ್ರಿ."

ಡಾಕ್ಟರು ಅವಳ ಕಿವಿಯ ಮುಂದೆ, ಕೆನ್ನೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. ತಟ್ಟಿದಾಗಲೆಲ್ಲ ತುಟಿಯ ಮೂಲೆ ಮಿಸುಕಿತು. ಬಾಗಿಲಲ್ಲಿ ನಿಂತ ಗುರವ್ವ "ಶಿವನ!" ಎಂದಳು. ಆಮೇಲೆ ಡಾಕ್ಟರು ರಕ್ತದೊತ್ತಡ ನೋಡುವ ಪಟ್ಟಿಯನ್ನು ಸಾವಿತ್ರೆವ್ವನ ತೋಳಿಗೆ ಸುತ್ತಿ, ಗಾಳಿ ತುಂಬಿ, ಬಿಡದೆ ಹಾಗೆಯೇ ಹಿಡಿದು ಗಡಿಯಾರ ನೋಡುತ್ತ ಕೂತರು. ಒಂದು ನಿಮಿಷವಾಯಿತು, ಎರಡಾಯಿತು. ಮೂರನೆಯ ನಿಮಿಷ ತುಂಬುವ ಮೊದಲೇ ಹೆಬ್ಬೆರಳು ಅಂಗೈಗೆ ಸರಿಯಿತು, ನಾಲ್ಕೂ ಬೆರಳು ನೆಟ್ಟಗಾಗಿ ಒಂದಕ್ಕೊಂದು ಕೂಡಿಕೊಂಡವು. ಬಳೆಗಾರ್ತಿಯ ಮುಂದೆ ಬಳೆ ಇಡಿಸಿಕೊಳ್ಳಲು ಕೈ ಮುದುರಿ ಹಿಡಿದ ಹಾಗೆ ಕಂಡಿತು.

ಡಾಕ್ಟರ ಮುಖ ಅರಳಿತು. ಪಟ್ಟಿ ಸಡಿಲಿಸುತ್ತ, "ಇದನ್ನ ಕಾಲೇಜಿನ್ಯಾಗ ಓದಿದ್ನಿ. ನವಲಗುಂದದಾಗ ನೋಡ್ತೇನಿ ಅನ್ಕೊಂಡಿರ್ಲಿಲ್ಲ," ಎಂದರು. ಆಮೇಲೆ ಅವಳ ಕೊರಳ ಕಡೆ ಬಗ್ಗಿ, ಲಿಂಗದ ಶಿವದಾರವನ್ನು ಮುಟ್ಟದೆ, "ಅದನ್ನ ಒಂದೀಟ ಸರಸ್ರಿ ಸಾವಿತ್ರೆವ್ವಾರ," ಎಂದರು. ದಾರ ಸರಿಸಿದಾಗ ಅದರ ಕೆಳಗೆ ಕೊರಳ ಬುಡಕ್ಕೆ ಅಡ್ಡವಾಗಿ, ಚರ್ಮದ ಬಣ್ಣಕ್ಕೆ ಕೂಡಿಹೋದ ಒಂದು ಸಣ್ಣ ಗೆರೆ ಕಂಡಿತು.

"ಗಳಗಂಡ ತಗಸಿದ್ರಲ್ರಿ," ಶಂಕ್ರಪ್ಪ ನಡುವೆ ಬಾಯಿ ಹಾಕಿದ. "ಹನ್ನೆರಡ ವರ್ಷಾತು, ಮಿರಜಿನ್ಯಾಗ. ಏನೂ ತ್ರಾಸ ಆಗಿಲ್ರಿ."

"ಆಮ್ಯಾಲೆ ಗುಳಿಗಿ ಕೊಟ್ಟಿದ್ರಿಲ್ಲೊ? ಜೀವ ಇರೂತನಕ ತಗೋಬೇಕು ಅಂತ ಹೇಳಿದ್ರಿಲ್ಲೊ?"

"ಹೇಳಿದ್ರಿ. ನಾನ ತಂದ್ಕೊಡ್ತಿದ್ನಿ. ತಿಂಗಳಾ ಹುಬ್ಬಳ್ಳಿಗಿ ನೂಲಿಗಿ ಹೋದಾಗೆಲ್ಲಾ ತಂದೇನಿ, ಮೂರ್ನಾಕ ವರ್ಷ. ಆಮ್ಯಾಲೆ ಈಕಿನ ಸಾಕಾತು ಅಂದ್ಳು."

ಸಾವಿತ್ರೆವ್ವ ಮಾಳಿಗೆಯ ತೊಲೆ ನೋಡುತ್ತಿದ್ದಳು. ಡಾಕ್ಟರು ಅವಳನ್ನು ನೋಡಿ, ಚೀಲದಿಂದ ಸೂಜಿ ತೆಗೆದರು. "ಮೈ ಬೆಚ್ಚಗಾಕ್ಕೈತಿ, ಹೆದರಬ್ಯಾಡ್ರಿ," ಎಂದು ಕೈಯ ನರಕ್ಕೆ ಸಾವಕಾಶವಾಗಿ, ಹತ್ತು ನಿಮಿಷ ಹಿಡಿದು ಔಷಧ ಬಿಟ್ಟರು. ಶಂಕ್ರಪ್ಪ ಗೋಡೆಗೆ ಒರಗಿ ನಿಂತಿದ್ದ. ಔಷಧ ಮುಗಿದ ಸ್ವಲ್ಪ ಹೊತ್ತಿಗೆ ಸಾವಿತ್ರೆವ್ವ ಬೆರಳು ಬಿಡಿಸಿ ಮಡಚಿ ಬಿಡಿಸಿ ನೋಡಿದಳು, ತುಟಿಯ ಮೇಲೆ ನಾಲಿಗೆ ಆಡಿಸಿದಳು.

"ಇರಿವಿ ಹ್ವಾದೂರಿ," ಎಂದಳು. ಡಾಕ್ಟರು ಮತ್ತೆ ಕೆನ್ನೆ ತಟ್ಟಿದರು. ತುಟಿ ಮಿಸುಕಲಿಲ್ಲ.

ಡಾಕ್ಟರು ಸ್ಟೂಲನ್ನು ಎಲ್ಲರ ಕಡೆ ತಿರುಗಿಸಿಕೊಂಡು ಹೇಳಿದರು. "ಕೊರಳಾಗ ಗ್ವಾದಿಕಾಳಿನಷ್ಟ ನಾಕ ಗಂಟ ಇರ್ತಾವು. ರಕ್ತದಾಗಿನ ಸುಣ್ಣಾ ಕಾಯೂದು ಅವುಗಳ ಕೆಲಸಾ. ಗಳಗಂಡ ತಗೀವಾಗ ಎಷ್ಟ ಜ್ವಾಕಿ ಮಾಡಿದ್ರೂ ಒಮ್ಮೊಮ್ಮಿ ಅವೂ ಕೂಡೇ ಹೋಗ್ತಾವು. ಅದಕ್ಕ ಗುಳಿಗಿ ಕೊಡೂದು. ಗುಳಿಗಿ ಬಿಟ್ರ ರಕ್ತದಾಗ ಸುಣ್ಣಾ ಕಡಿಮಿ ಆಗಿ ಕೈ ಮುದುರ್ತಾವು, ಭಾಳ ಕಡಿಮಿ ಆದ್ರ ಫಿಟ್ಸ್ ಬರ್ತಾವು. ಫಿಟ್ಸ್ ಬಂದ ಮ್ಯಾಲೆ ಒಂದ ಬಾಜು ಒಂದ ದಿನಾ ಸೋತಿದ್ದು ತಿರುಗಿ ಸರಿಯಾಕ್ಕೈತಿ. ಅದು ಲಕ್ವಾ ಅಲ್ಲ. ಇನ್ನ ಆ ಪೋಟೋದಾಗಿನ ಬೆಳ್ಳಂದು. ವರ್ಷಾನುಗಟ್ಟಲೆ ಹಿಂಗ ನಡದ್ರ ಮಿದುಳಿನ್ಯಾಗ ಎರಡೂ ಕಡಿ ಸಮಾ ಸುಣ್ಣಾ ಕುಂಡ್ರತೈತಿ. ಆ ಮಶೀನದಾಗ ರಕ್ತಾನೂ ಬೆಳ್ಳಗ ಕಾಣತೈತಿ, ಸುಣ್ಣಾನೂ ಬೆಳ್ಳಗ ಕಾಣತೈತಿ. ಆ ಹುಡುಗ ಡಾಕ್ಟರ ಅಲ್ಲೇ ಎಡವ್ಯಾನ."

"ಅಂದ್ರ ಸಾಯೂದಿಲ್ರಿ?" ಎಂದ ಶಂಕ್ರಪ್ಪ.

"ನನ್ನಕಿಂತ ಹೆಚ್ಚ ಬದಕ್ತಾಳ. ರಕ್ತಾ ಹುಬ್ಬಳ್ಳಿಗಿ ಕಳಸೂಣು, ಪೋಟೋನೂ ಅಲ್ಲಿ ದೊಡ್ಡ ಡಾಕ್ಟರಗ ತೋರಸೂಣು, ಪಕ್ಕಾ ಆಗ್ಲಿ. ಆದ್ರ ಇವತ್ತಿಂದ ಗುಳಿಗಿ ಮಾತ್ರ ಬಿಡಂಗಿಲ್ಲ. ಬಿಟ್ರ ತಿರುಗಿ ಫಿಟ್ಸು, ಒಮ್ಮಿ ಅದರಾಗ ಖರೇನ ಜೀವಾ ಹೋಗ್ತೈತಿ."

ಶಂಕ್ರಪ್ಪ ಅಲ್ಲೇ ಗೋಡೆಗುಂಟ ಕುಸಿದು ಕೂತು, ಟೊಪ್ಪಿಗೆ ತೆಗೆದು ಮುಖಕ್ಕೆ ಹಿಡಿದುಕೊಂಡ. ಗುರವ್ವ ಜೋರಾಗಿ ಅತ್ತಳು. ಅಳುವುದರಲ್ಲಿ ಸೀರೆಯ ಚಿಂತೆಯೂ ಒಂದಿಷ್ಟು ಇತ್ತೆಂದು ಆಮೇಲೆ ಮನೆಯವರು ನಗುತ್ತಿದ್ದರು. ಅಷ್ಟರಲ್ಲಿ ಹಾಸಿಗೆಯಿಂದ ಮಾತು ಬಂತು.

"ಗುಳಿಗಿ ಬ್ಯಾಡ್ರಿ," ಎಂದಳು ಸಾವಿತ್ರೆವ್ವ. "ಸೂಜಿನ ಮಾಡ್ರಿ."

"ದಿನಾ ಸೂಜಿ ಮಾಡಾಕ ಆಗೂದಿಲ್ರಿ. ಗುಳಿಗಿಗೆ ಏನಾಗೈತಿ?"

"ನಾ ಲಿಂಗಾ ಕಟ್ಟಿಕೊಂಡಾಕಿ. ಎಲುಬಿನ ಗುಳಿಗಿ ತಿನ್ನಂಗಿಲ್ಲ. ಸತ್ರೂ ತಿನ್ನಂಗಿಲ್ಲ. ಅವರು ತಂದದ್ದೆಲ್ಲಾ ಬಚ್ಚಲದಾಗ ಹಾಕೇನಿ."

"ಎಲುಬಿಂದಂತ ಯಾರ್ ಹೇಳಿದ್ರು?"

ಸಾವಿತ್ರೆವ್ವ ತಲೆ ಹೊರಳಿಸಿ ಗಂಡನನ್ನು ನೋಡಿದಳು.

ಶಂಕ್ರಪ್ಪನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ನೆನಪಾಯಿತು. ಮಿರಜಿನಿಂದ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ. ಸಾವಿತ್ರೆವ್ವ ಪೂಜೆ ಮುಗಿಸಿ, ಇದೇ ಪಡಸಾಲೆಯಲ್ಲಿ ಕೂತು, ಅಂಗೈಯಲ್ಲಿ ಬೆಳ್ಳಗಿನ ದಪ್ಪ ಗುಳಿಗೆ ಹಿಡಿದು, ಇದು ಗಂಟಲಲ್ಲಿ ಇಳಿಯುವುದೋ ಇಲ್ಲವೋ ಎಂದು ನೋಡುತ್ತಿದ್ದಳು. ಅಂಗಡಿಗೆ ಹೊರಟಿದ್ದ ಇವನು ಹೊಸ್ತಿಲಲ್ಲಿ ನಿಂತು, "ಎಲುಬು ಅರದು ಮಾಡಿದ್ದು ಅದು. ಕೊರಳಾಗ ಲಿಂಗಾ, ಬಾಯಾಗ ಎಲುಬು," ಅಂದಿದ್ದ. ಎಂದಿನಂತೆ ನಗದೆ ಅಂದಿದ್ದ. ಓಣಿ ದಾಟುವಷ್ಟರಲ್ಲಿ ಮರೆತಿದ್ದ. ಅವಳು ಹನ್ನೆರಡು ವರ್ಷ ಮರೆತಿರಲಿಲ್ಲ. ಕೈ ಮುದುರಿದರೂ, ಫಿಟ್ಸ್ ಬಂದರೂ, ಇನ್ನು ಸಾಯುತ್ತೇನೆಂದು ಸೀರೆ ಹಂಚುವಾಗಲೂ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಶಂಕ್ರಪ್ಪನಿಗೆ ತನ್ನ ನಾಲಿಗೆಯ ಮೇಲೆ ಹೇಸಿಕೆ ಬಂತು. ಹೆಂಡತಿಯನ್ನು ತಾನೇ ಕೊಲ್ಲಲು ಕೂತಿದ್ದೆನಲ್ಲ ಎಂದುಕೊಂಡ.

ಡಾಕ್ಟರು ತಮ್ಮ ಚೀಲದಿಂದ ಗುಳಿಗೆಯ ಬಾಟಲಿ ತೆಗೆದು, ತಿರುಗಿಸಿ ಓದಿ ಹೇಳಿದರು. "ಎಲುಬಿಂದ ಮಾಡಾವ್ರೂ ಇರಬಹುದು, ಇಲ್ಲ ಅನ್ನಂಗಿಲ್ಲ. ಇದು ಅಲ್ರಿ. ಇದು ಕಲ್ಲು. ನೀವು ಎಲಿಗಿ ಹಚ್ಚೂ ಸುಣ್ಣಾ ಐತೆಲ್ಲ, ಅದರ ಅಣ್ಣತಮ್ಮ." ಸಾವಿತ್ರೆವ್ವ ಹೂಂ ಎಂದಳು. ನಂಬಿದ ಹೂಂ ಅಲ್ಲ ಅದು, ದೊಡ್ಡವರಿಗೆ ಎದುರಾಡಬಾರದೆಂಬ ಹೂಂ. ಡಾಕ್ಟರು ಬಾಟಲಿಯನ್ನು ಶಂಕ್ರಪ್ಪನ ಕೈಗೆ ಕೊಟ್ಟು, "ಈ ಗಂಟ ಕಟ್ಟಿದಾಂವ ನೀನ, ಬಿಚ್ಚಾಂವನೂ ನೀನ," ಎಂದು ಹೋದರು.

ಆ ಸಂಜೆಯೆಲ್ಲ ಶಂಕ್ರಪ್ಪ ಹೇಳಿ ಹೇಳಿ ದಣಿದ. ಆವತ್ತು ಮಸ್ಕಿರಿ ಮಾಡಿದ್ದೆ, ಅದು ಸುಳ್ಳು, ಇದು ಕಲ್ಲಿನದು ಎಂದ.

"ಆವತ್ತೂ ನೀವು ಹಿಂಗ ಮಾರಿ ಮಾಡಿಕೊಂಡ ಹೇಳಿದ್ರಿ," ಎಂದಳು ಸಾವಿತ್ರೆವ್ವ ಸಮಾಧಾನದಿಂದ. "ಯಾವುದು ಮಸ್ಕಿರಿ, ಯಾವುದು ಖರೇ ಅಂತ ನಾ ಹೆಂಗ ತಿಳ್ಕೊಳ್ಲಿ? ನಾ ಬದಕ್ಲೆಂತ ಈಗ ಸುಳ್ಳ ಹೇಳಾಕತ್ತಿರಬಹುದು."

"ಅವತ್ತ ನನ್ನ ಕೇಳಬಾರದಾಗಿತ್ತೇನ ಸಾವಿತ್ರಿ?"

"ಕೇಳಿದ್ರ ನಗ್ತಿದ್ರಿ. ಅಂಗಡ್ಯಾಗ ಕುಂತು ಬಜಾರ ತುಂಬಾ ಹೇಳ್ತಿದ್ರಿ. ಆ ಮ್ಯಾಲೆ ತಿಂಗಳಾ ನೆನಪಲೆ ತರ್ತಿದ್ರಲ್ಲ, ಬ್ಯಾಡ ಅನ್ನಾಕ ಮನಸ ಬರಲಿಲ್ಲ."

ನಿಜವೇ, ಕೇಳಿದ್ದರೆ ಶಂಕ್ರಪ್ಪ ನಗುತ್ತಿದ್ದ.

ಮರುದಿನ ಬೆಳಿಗ್ಗೆ ಗುರವ್ವ ಒಲೆ ಹಚ್ಚುವ ಮೊದಲೇ ಶಂಕ್ರಪ್ಪ ಸ್ನಾನ ಮಾಡಿದ್ದ. ಅವನ ಇಷ್ಟಲಿಂಗ ದೇವರ ಮಾಡದಲ್ಲಿ ಮೊಳೆಗೆ ತೂಗಿ ವರ್ಷಗಳೇ ಆಗಿದ್ದವು. ಕೊರಳಲ್ಲಿ ಹಾಕಿಕೊಳ್ಳಿ ಎಂದು ಸಾವಿತ್ರೆವ್ವ ಹೇಳಿದಾಗಲೆಲ್ಲ, ಅಂಗಡಿಯಲ್ಲಿ ನೂಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಹಾರಿಸಿಬಿಡುತ್ತಿದ್ದ. ಇವತ್ತು ಅದನ್ನು ಇಳಿಸಿ, ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಒದ್ದೆಯ ಧೋತರದಲ್ಲಿಯೇ ಬಂದು ಹಾಸಿಗೆಯ ಎದುರಿಗೆ ಕೂತ. ಎಡಗೈಯ ಅಂಗೈಯಲ್ಲಿ ಲಿಂಗ ಇಟ್ಟುಕೊಂಡ. ಸಾವಿತ್ರೆವ್ವ ಗಾಬರಿಯಾಗಿ ಎದ್ದು ಕೂತಳು. ಹದಿನೈದು ದಿನದಲ್ಲಿ ಅವಳು ತಾನಾಗಿ ಎದ್ದು ಕೂತದ್ದು ಅದೇ ಮೊದಲು.

"ಇದು ಕೈಯಾಗ ಇರೂವಾಗ ನಾ ಸುಳ್ಳ ಹೇಳೂದಿಲ್ಲ," ಎಂದ ಶಂಕ್ರಪ್ಪ. "ಆವತ್ತ ಹೇಳಿದ್ದು ಮಸ್ಕಿರಿ. ಗುಳಿಗಿ ಕಲ್ಲಿಂದೋ ಎಲುಬಿಂದೋ ನನಗ ಗೊತ್ತಿರಲಿಲ್ಲ, ಬಾಯಿಗಿ ಬಂತು, ಅಂದ್ನಿ. ಇದು ಕಲ್ಲಿಂದು ಅಂತ ಡಾಕ್ಟರು ಓದಿ ಹೇಳ್ಯಾರ. ಅದರ ಮ್ಯಾಲೂ ಎಲುಬಿನ ಪಾಪ ಏನರ ಇದ್ರ ಮೊದ್ಲ ನನಗ ಹತ್ಲಿ."

ಬಲಗೈಯಿಂದ ಒಂದು ಗುಳಿಗೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡ. ನುಂಗಲು ಬರಲಿಲ್ಲ, ಕಟಕಟ ಕಡಿದು ತಿಂದ. ಬೆಳ್ಳನೆಯ ಹಿಟ್ಟು ಮೀಸೆಗೆ ಹತ್ತಿತು. ಇನ್ನೊಂದು ಗುಳಿಗೆಯನ್ನು ಹೆಂಡತಿಯ ಮುಂದೆ ಹಿಡಿದ.

ಸಾವಿತ್ರೆವ್ವ ಅವನ ಅಂಗೈಯ ಲಿಂಗವನ್ನು ನೋಡಿದಳು, ಮೀಸೆಯನ್ನು ನೋಡಿದಳು. "ನೀರ ಕೊಡ್ರಿ," ಎಂದಳು.

ಐದನೆಯ ದಿನಕ್ಕೆ ಹುಬ್ಬಳ್ಳಿಯಿಂದ ಉತ್ತರ ಬಂತು. ರಕ್ತದಲ್ಲಿ ಇರಬೇಕಾದ್ದರ ಅರ್ಧದಷ್ಟೇ ಸುಣ್ಣವಿತ್ತು. ಫಿಲ್ಮನ್ನು ನೋಡಿದ ಅಲ್ಲಿನ ದೊಡ್ಡ ಡಾಕ್ಟರೂ ಇದು ರಕ್ತವಲ್ಲ, ಹಳೆಯ ಸುಣ್ಣ, ಇದ್ದಲ್ಲೇ ಇರಲಿ, ಅದರಿಂದ ಜೀವಕ್ಕೆ ಹೆದರಿಕೆಯಿಲ್ಲ ಎಂದು ಬರೆದಿದ್ದರು. ಶಂಕ್ರಪ್ಪ ಆ ಕಾಗದವನ್ನು ಹಾಲಿನವನಿಗೆ, ಕ್ಷೌರದವನಿಗೆ, ಅಯ್ಯನವರಿಗೆ ಓದಿ ಹೇಳಿದ. ಸಾವಿತ್ರೆವ್ವ ಎದ್ದು ಅಡುಗೆಮನೆಗೆ ಹೋಗಿ, ಗುರವ್ವ ಜೋಡಿಸಿಟ್ಟ ಡಬ್ಬಿಗಳನ್ನೆಲ್ಲ ಮೊದಲಿನ ಜಾಗಕ್ಕೆ ಇಟ್ಟಳು. ಗುರವ್ವ ಊರಿಗೆ ಹೊರಟಾಗ ಬಾಗಿಲ ತನಕ ಕಳಿಸಲು ಹೋಗಿ, "ಅತ್ತಿಗೆವ್ವಾ, ದಾಳಿಂಬರ ಸೀರಿ ಚೀಲದ ತಳದಾಗ ಐತಿ ನೋಡ್ರಿ," ಎಂದಳು. ಗುರವ್ವ ನಕ್ಕು ತೆಗೆದುಕೊಟ್ಟಳು. ಒಂದಿಷ್ಟು ತಡವಾಗಿ ನಕ್ಕಳು, ಆದರೂ ನಕ್ಕಳು.

ಮೈಮುನಬಿಯ ಮನೆಗೆ ಶಂಕ್ರಪ್ಪ ತಾನೇ ಹೋದ. ಅವಳು ಗೋಡೆಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಎಳೆ ಎಣಿಸುತ್ತಿದ್ದಳು.

"ನಿನ್ನ ಮಾತ ಖರೇ ಆತು ಮೈಮುನಬಿ. ನಾ ಬೈದ್ನಿ. ಮನಸಿನ್ಯಾಗ ಇಟ್ಕೋಬ್ಯಾಡ."

ಮೈಮುನಬಿಗೆ ಸುದ್ದಿ ಆಗಲೇ ಮುಟ್ಟಿತ್ತು. ಎಣಿಕೆ ತಪ್ಪದಂತೆ ಎಳೆಯ ಮೇಲೆ ಬೆರಳು ಇಟ್ಟುಕೊಂಡೇ ತಿರುಗಿ ನೋಡಿದಳು. "ಆ ಪೋಟೋದಾಗಿನ ಎಡಗಡಿ ಹೂವು ಎರಡೆಳಿ ಹೆಚ್ಚಿತ್ರಿ ಅಣ್ಣಾರ. ಆವತ್ತ ಹೇಳಲಿಲ್ಲ. ನಂದೂ ಒಮ್ಮೊಮ್ಮಿ ಹಂಗ ಆಕ್ಕೈತಿ," ಎಂದಳು. ಅವಳ ಕಣ್ಣು ತುಂಬಿದ್ದವು.

ಶಂಕ್ರಪ್ಪ ಅಂಗಡಿ ತೆರೆದ. ಬೋಳುತಲೆಯ ಗಿರಾಕಿ ಬಂದ ದಿನ ಬಾಚಣಿಗೆಯನ್ನೂ ಕೇಳಿದ. ಊರಿಗೆ ಅದರಿಂದ ಎಷ್ಟು ಸಮಾಧಾನವಾಯಿತೆಂದರೆ, ಬಜಾರಿನವರು ಬಂದು ಬಂದು ಚೇಷ್ಟೆ ಮಾಡಿಸಿಕೊಂಡು ಹೋದರು. ಆದರೆ ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು ಅವನು ಪಡಸಾಲೆಯಲ್ಲಿ ನಿಲ್ಲುತ್ತಾನೆ, ಲಿಂಗ ಈಗ ಕೊರಳಲ್ಲೇ ಇರುತ್ತದೆ. ಸಾವಿತ್ರೆವ್ವ ಪೂಜೆ ಮುಗಿಸಿ ಬಂದು ಕೂತು, ಅಂಗೈಯಲ್ಲಿ ಗುಳಿಗೆ ಹಿಡಿದು, ಅವನನ್ನು ನೋಡಿ ಕೇಳುತ್ತಾಳೆ.

"ಮಸ್ಕಿರಿನೋ, ಖರೇನೋ?"

"ಖರೇ," ಎನ್ನುತ್ತಾನೆ ಶಂಕ್ರಪ್ಪ, ಮುಂದೆ ಒಂದು ಮಾತೂ ಸೇರಿಸದೆ.

ಅವಳು ಗುಳಿಗೆ ಹಾಕಿಕೊಂಡು ನೀರು ಕುಡಿಯುತ್ತಾಳೆ. ಆಮೇಲೆ ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸುತ್ತಾಳೆ. ಶಂಕ್ರಪ್ಪ ಬಗ್ಗಿ, ಎಡಕ್ಕೂ ಬಲಕ್ಕೂ ಸರಿಯಾಗಿ ನೋಡಿ, ಗುಳಿಗೆ ಒಳಗೆ ಹೋಗಿದೆಯೆಂದು ಗಟ್ಟಿಮಾಡಿಕೊಂಡು ಅಂಗಡಿಗೆ ಹೊರಡುತ್ತಾನೆ.